ಕೊಡಕ್ಕೆ ಹೇಳಿದ ಮಾತು

ನಮ್ಮ ಮನೆಗೆ ಫೋನ್ ಬಂದಾಗ ಓಣಿಯವರೆಲ್ಲ ಪೇಢೆ ತಿಂದರು, ನನಗೆ ಮೊಣಕಾಲು ನೋವು ಬಂತು. ತೊಂಬತ್ತರ ದಶಕದ ನಡುವಿನ ಮಾತು ಇದು. ವಾಡಿಯ ನಮ್ಮ ಓಣಿಯಲ್ಲಿ ಹನ್ನೊಂದು ಮನೆ, ಒಂದು ನಳ, ಒಂದು ಫೋನು. ಫೋನು ನಮ್ಮದೇ, ಆದರೆ ನಮಗೆ ಬರುತ್ತಿದ್ದ ಕರೆ ವಾರಕ್ಕೆ ಎರಡಾದರೆ ಹೆಚ್ಚು. ಉಳಿದವೆಲ್ಲ ಪಿಪಿ. ಆ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಈಗಿನವರಿಗೆ ಹೇಳಬೇಕು. ಫೋನಿಲ್ಲದವರು ತಮ್ಮ ಬಂಧುಬಳಗಕ್ಕೆಲ್ಲ ನೆರೆಮನೆಯ ನಂಬರು ಕೊಟ್ಟು ಅದರ ಮುಂದೆ ಪಿಪಿ ಎಂದು ಬರೆಯುತ್ತಿದ್ದರು. ಕರೆ ಬಂದರೆ ನೆರೆಮನೆಯವರು ಕೆಲಸ ಬಿಟ್ಟು ಓಡಿಹೋಗಿ ಅವರನ್ನು ಕರೆತರಬೇಕು. ಓಡುವವಳು ನಾನು.

ಯಜಮಾನರು ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತರು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ಉಳಿಯುವವರು ನಾನು ಮತ್ತು ಮಾವನವರು. ಅವರು ನಿವೃತ್ತ ಗಣಿತ ಮಾಸ್ತರರು. ಸಂಧ್ಯಾವಂದನೆ ಮುಗಿಸಿ ಫೋನಿನ ಪಕ್ಕದ ಕುರ್ಚಿಯಲ್ಲಿ ಕುಳಿತರೆ ಊಟಕ್ಕೇ ಏಳುವುದು. ಗಂಟೆ ಬಾರಿಸಿದರೆ ಎತ್ತಿ, ಯಾರಿಗೆ ಎಂದು ಕೇಳಿ, "ಕರದು ತರ್ತಾರ, ಹತ್ತು ಮಿನಿಟು ಬಿಟ್ಟು ಮಾಡ್ರಿ" ಎನ್ನುತ್ತಿದ್ದರು. ಆ "ತರ್ತಾರ" ಎಂಬುದು ನಾನು. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಓಣಿಗೆ ಹಾಸಿದ ಪರಸಿ ಕಲ್ಲಿನ ಮೇಲೆ ಚಪ್ಪಲಿ ಎಳೆಯುತ್ತ ಹೋಗುತ್ತಿದ್ದೆ. ಓಣಿಯ ತುದಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಿದಾಗಿರುತ್ತಿತ್ತು.

ಕಾಲು ಉಳಿಸಿಕೊಳ್ಳಲು ನಾನು ಒಂದು ಉಪಾಯ ಕಲಿತೆ. ಯಾರ ಮಾತು ಯಾರ ಮನೆಗೆ ತಾನೇ ಹರಿದುಹೋಗುತ್ತದೆ ಎಂದು ತಿಳಿದಿದ್ದರೆ ಎಲ್ಲರ ಬಾಗಿಲಿಗೂ ಹೋಗಬೇಕಿಲ್ಲ. ಮೂರನೇ ಮನೆಯವಳಿಗೆ ಹೇಳಿದರೆ ಏಳನೆಯ ಮನೆಗೆ ಅರ್ಧ ತಾಸಿನಲ್ಲಿ ಮುಟ್ಟುತ್ತದೆ, ಐದನೆಯವಳಿಗೆ ಹೇಳಿದರೆ ಇಡೀ ವಾಡಿಗೇ ಮುಟ್ಟುತ್ತದೆ. ಇದನ್ನು ಮಾವನವರ ಮುಂದೆ ಹೇಳಿದೆ. ಅವರಿಗೆ ಅದರಲ್ಲಿ ಲೆಕ್ಕದ ವಾಸನೆ ಬಡಿಯಿತು. ಫೋನ್ ನಂಬರು ಬರೆಯುವ ವಹಿಯ ಕೊನೆಯ ಹಾಳೆಯಲ್ಲಿ ಮನೆಗೊಂದು ಚುಕ್ಕೆ ಇಟ್ಟರು, ಮಾತಿರುವ ಮನೆಗಳ ನಡುವೆ ಪೆನ್ಸಿಲಿನಿಂದ ಗೆರೆ ಎಳೆದರು.

"ಯಾರಿಗೆ ಯಾರು ಆಗ್ತಾರ ಅಂತ ಯಾರನ್ನೂ ಕೇಳಬ್ಯಾಡವಾ. ಕೇಳಿದ್ರ ಎಲ್ಲಾರೂ ಎಲ್ಲಾರಿಗೂ ಆಗ್ತಾರ. ಸುಮ್ಮ ನೋಡು," ಎಂದರು.

ನೋಡುವುದಕ್ಕೆ ನಳಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಹೊತ್ತು ಮಾತ್ರ ಅದರ ಮರ್ಜಿ. ಅದಕ್ಕಾಗಿ ಬೆಳಿಗ್ಗೆಯೇ ಕೊಡಗಳನ್ನು ಪಾಳಿಗೆ ಇಟ್ಟು ಹೋಗುವುದು ರೂಢಿ. ಯಾರ ಕೊಡ ಯಾರದರ ಹಿಂದೆ ಇದೆ, ಪಾಳಿ ಸರಿದಾಗ ಯಾರು ಯಾರ ಕೊಡವನ್ನು ಮುಂದೆ ತಳ್ಳುತ್ತಾರೆ, ಯಾರದನ್ನು ಕಾಲಿನಿಂದ ಬದಿಗೆ ಸರಿಸುತ್ತಾರೆ ಎಂದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ನಾನು ನೋಡಿ ಹೇಳುವುದು, ಮಾವನವರು ಗೆರೆ ಎಳೆಯುವುದು. ಗೆರೆಗಳು ಒಂದು ತಿಂಗಳು ನಿಂತರೆ ದೊಡ್ಡ ಮಾತು. ಶ್ಯಾವಿಗೆ ಹೊಸೆಯಲು ಕರೆಯದಿದ್ದದ್ದಕ್ಕೆ ಒಂದು ಗೆರೆ ಹೋಗುತ್ತಿತ್ತು, ಮಗುವಿನ ತೊಟ್ಟಿಲಿಗೆ ಕರೆದಿದ್ದಕ್ಕೆ ಮತ್ತೆ ಬರುತ್ತಿತ್ತು. ಬಾಡಿಗೆಯವರು ಶಹಾಬಾದಿಗೆ ಹೋದರೆ ಒಂದು ಚುಕ್ಕೆಯೇ ಅಳಿಯುತ್ತಿತ್ತು. ಅಳಿಸಿ ಅಳಿಸಿ ಹಾಳೆ ತೆಳ್ಳಗಾಗಿ, ಅದರ ಹಿಂದೆ ಬರೆದ ನಂಬರುಗಳು ಕಾಣತೊಡಗಿದ್ದವು.

ಊರ ಉಸಾಬರಿ ನಮಗೇಕೆ ಎಂದು ಯಜಮಾನರು ಬೈಯುತ್ತಿದ್ದರು. ನಿಜವೇ. ಆದರೆ ಆ ವಹಿ ದಿನಕ್ಕೆ ನನ್ನ ನಾಲ್ಕು ಓಟ ಉಳಿಸುತ್ತಿತ್ತು, ಅವರ ಬೈಗುಳ ಒಂದನ್ನೂ ಉಳಿಸುತ್ತಿರಲಿಲ್ಲ.

ಮಾವನವರು ಮೂರು ವರ್ಷದ ನಂತರ ತೀರಿಕೊಂಡರು. ವಹಿ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ನನಗೆ ಓಣಿಯ ನಾಡಿ ಗೊತ್ತು ಎಂಬ ಸೊಕ್ಕು ಏರಿತ್ತು. ಪೆನ್ಸಿಲು ಮಸುಕಾಗುತ್ತದೆಂದು ಹೊಸ ಹಾಳೆಯ ಮೇಲೆ ಎಲ್ಲವನ್ನೂ ಬಾಲ್‌ಪೆನ್ನಿನಲ್ಲಿ ತಿದ್ದಿ ಬರೆದೆ. ನೀಲಿ ಶಾಯಿ, ದಪ್ಪ ಗೆರೆ. ಅತ್ಯಂತ ದಪ್ಪದ್ದು ಹತ್ತನೆಯ ಮತ್ತು ಹನ್ನೊಂದನೆಯ ಮನೆಗಳ ನಡುವೆ.

ಹತ್ತನೆಯದು ಕಿರಾಣಿ ಅಂಗಡಿಯವರ ಮನೆ. ಅಂಗಡಿಯವನ ಹೆಂಡತಿ ಬಾಯಿ ಜೋರು, ಕೈ ಧಾರಾಳ. ಜೊತೆಗೆ ಅವಳ ಅತ್ತೆ, ಎಪ್ಪತ್ತು ದಾಟಿದರೂ ಕೊಡ ಹೊರುತ್ತಿದ್ದ ಅಜ್ಜಿ. ಓಣಿಯ ಕೊನೆಗೆ, ಹನ್ನೊಂದನೆಯದರಲ್ಲಿ, ರೈಲ್ವೆಯಲ್ಲಿ ಕೆಲಸಕ್ಕಿದ್ದವನ ಹೆಂಡತಿ. ಅವಳ ತವರು ಚಿಂಚೋಳಿ ತಾಲೂಕಿನ ಕೊಡ್ಲಿ. ಓಣಿಯಲ್ಲಿ ಅವಳಿಗೆ ಕೊಡ್ಲಿಯಾಕೆ ಎಂದೇ ಹೆಸರು. ಸಣ್ಣ ಮಾತಿನವಳು. ಫೋನಿಗೆ ಬಂದರೆ ಚಪ್ಪಲಿ ಹೊರಗೆ ಬಿಟ್ಟು, ಎರಡು ಮಾತಾಡಿ, "ತಕಲೀಫ ಆತ್ರಿ ವೈನಿ" ಎಂದು ಹೇಳಿ ಹೋಗುತ್ತಿದ್ದಳು. ನಿಮಗೆ ತೊಂದರೆಯಾಯಿತು ಎಂದವಳು ಓಣಿಯಲ್ಲಿ ಅವಳೊಬ್ಬಳೇ. ಅವಳ ತವರಿನ ಕರೆ ಮಧ್ಯಾಹ್ನ ಎಂದೂ ಬರುತ್ತಿರಲಿಲ್ಲ. ಕೊಡ್ಲಿಯ ಫೋನ್ ಬೂತಿನವನು ಉಂಡು ಮಲಗುತ್ತಾನೆಂದು ನಾನು ತೀರ್ಮಾನಿಸಿದ್ದೆ, ವಹಿಯಲ್ಲಿ ಹಾಗೇ ಬರೆದೂ ಇದ್ದೆ.

ಈ ಎರಡು ಮನೆಯ ಕೊಡಗಳು ಪಾಳಿಯಲ್ಲಿ ಸದಾ ಒಂದಕ್ಕೊಂದು ಆತು ನಿಂತಿರುತ್ತಿದ್ದವು. ಅಂಗಡಿಯವಳ ಹಿತ್ತಾಳೆ ಕೊಡ, ಅದರ ಹಿಂದೆ ಕೊಡ್ಲಿಯವಳ ಹಸಿರು ಪ್ಲಾಸ್ಟಿಕ್ ಕೊಡ. ಓಣಿಯಲ್ಲಿ ಉಳಿದ ಕೊಡಗಳೆಲ್ಲ ಮುನಿಸು, ರಾಜಿ ಎಂದು ಜಾಗ ಬದಲಿಸಿದರೂ ಇವು ಮಾತ್ರ ಅಲ್ಲಾಡಲಿಲ್ಲ. ಹಾಗಾಗಿ ಕೊಡ್ಲಿಯವಳಿಗೆ ಹೇಳಬೇಕಾದದ್ದನ್ನು ಅಂಗಡಿಯವಳಿಗೆ ಹೇಳಿದರೆ ಸಾಕು ಎಂದು ನನ್ನ ನಂಬಿಕೆ.

ಆ ದಿನ ಅಮಾವಾಸ್ಯೆ. ಬೆಳಗಿನಿಂದ ಫೋನು ಏಳು ಸಲ ಬಾರಿಸಿತ್ತು. ಏಳು ಸಲವೂ ಹೋಗಿ ಬಂದಿದ್ದೆ. ಮಧ್ಯಾಹ್ನ ತುಸು ಅಡ್ಡಾಗಿ ಎದ್ದರೂ ಮೈಭಾರ ಹೋಗಿರಲಿಲ್ಲ. ಸಿಮೆಂಟಿನ ಧೂಳು ಕುಳಿತ ಕಿಟಕಿಯನ್ನು ಒರೆಸಬೇಕೆಂದು ಬಟ್ಟೆ ಹಿಡಿದು ಸುಮ್ಮನೆ ನಿಂತಿದ್ದೆ. ನಾಲ್ಕು ಹೊಡೆದ ಮೇಲೆ ಎಂಟನೆಯ ಕರೆ ಬಂತು. ಕೊಡ್ಲಿಯವಳ ಅಣ್ಣ.

"ಅವ್ವಗ ಭಾಳ ಆಗ್ಯಾದ್ರಿ. ತಂಗಿ ಹೆಸರು ಹಿಡದು ಕರೀಲಿಕತ್ತಾಳ. ಸಂಜಿ ಗಾಡಿಗೇ ಬಾ ಅಂತ ಹೇಳ್ರಿ, ಸೇಡಂ ಸ್ಟೇಷನ್ನಿಗೆ ಜೀಪು ಕಳಸ್ತೀನಿ," ಎಂದ. ಅವನ ಧ್ವನಿ ನಡುಗುತ್ತಿತ್ತು. ಹೇಳುತ್ತೇನೆ ಎಂದು ಇಟ್ಟೆ.

ಅದೇ ಹೊತ್ತಿಗೆ ಅಂಗಡಿಯವಳು ನಮ್ಮ ಬಾಗಿಲ ಮುಂದೆ ಕೊಡ ಹಿಡಿದು ಹೊರಟಿದ್ದಳು. ನಾನು ಹೊಸ್ತಿಲಲ್ಲಿ ನಿಂತೇ ಕರೆದೆ. "ನೋಡವಾ, ಕೊಡ್ಲಿಯಾಕಿ ಅವ್ವಗ ಭಾಳ ಆಗ್ಯಾದಂತ. ಸಂಜಿ ಗಾಡಿಗೇ ಬಾ ಅಂದಾನ ಅವರಣ್ಣ. ಸೇಡಂನಾಗ ಜೀಪು ಇರ್ತದಂತ. ಜಲ್ದಿ ಹೇಳಿಬಿಡು."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದು, "ಆಯ್ತ್ರಿ" ಎಂದು ಹೋದಳು. ನಾನು ಒಳಗೆ ಬಂದು ಗೋಡೆಗೆ ಒರಗಿ ಕುಳಿತೆ. ಒಂದು ಓಟ ಉಳಿಯಿತಲ್ಲ ಎಂದು ಸಮಾಧಾನವಾಯಿತು. ಈ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಸಂಜೆ ಗಾಡಿ ಹೋಯಿತು. ಯಜಮಾನರು ಬಂದರು, ಉಂಡೆವು, ಮಲಗಿದೆವು. ಬೆಳಿಗ್ಗೆ ಆರಕ್ಕೆ ಫೋನು ಬಾರಿಸಿತು. ಅದೇ ಅಣ್ಣ. ಈ ಸಲ ಧ್ವನಿ ನಡುಗುತ್ತಿರಲಿಲ್ಲ.

"ಯಾಕ ಬರಲಿಲ್ರಿ ಆಕಿ? ಜೀಪು ಖಾಲಿ ಬಂತು. ಅವ್ವ ಹೋದಳು."

ಆಗ ನಾನು ಓಡಿದೆ. ಕೊಡ್ಲಿಯವಳು ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಕಂಡು ಕಸಬರಿಗೆ ಬದಿಗಿಟ್ಟು, "ಫೋನ್ ಏನ್ರಿ ವೈನಿ?" ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಹಿಂದಿನ ದಿನದ ಕರೆಯದೂ ಗೊತ್ತಿರಲಿಲ್ಲ. ಎರಡನ್ನೂ ಒಟ್ಟಿಗೇ ಹೇಳಬೇಕಾಯಿತು. ಅವಳು ಕಸಬರಿಗೆಯ ಪಕ್ಕದಲ್ಲೇ ಕುಸಿದು ಕುಳಿತಳು, ಆಮೇಲೆ ಎದ್ದು ಗಂಡನ ಜೊತೆ ಬೆಳಗಿನ ಗಾಡಿಗೆ ಹೋದಳು. ಮಣ್ಣು ಮಾಡುವ ಮೊದಲು ತಾಯಿಯ ಮುಖ ನೋಡಲು ಸಿಕ್ಕಿತಂತೆ. ರಾತ್ರಿಯೆಲ್ಲ ಹೆಸರು ಹಿಡಿದು ಕರೆದ ಮುಖ ಅದು.

ನನ್ನ ಸಿಟ್ಟೆಲ್ಲ ಅಂಗಡಿಯವಳ ಮೇಲೆ ತಿರುಗಿತು. ನಳದ ಹತ್ತಿರ, ಐದಾರು ಮಂದಿಯ ಮುಂದೆ, ಬಾಯಿಗೆ ಬಂದಂತೆ ಬೈದೆ. ತಾಯಿ ಸಾಯುವ ಸುದ್ದಿ ನುಂಗಿಕೊಂಡವಳು ನೀನು ಎಂತಹ ಹೆಂಗಸು ಎಂದೆ. ಸದಾ ಒಂದು ಮಾತಿಗೆ ನಾಲ್ಕು ತಿರುಗಿಸುವವಳು ಅಂದು ಅಳುತ್ತ ನಿಂತಳು.

"ನಾ ಹೇಳಿದ್ದೆರಿ ವೈನಿ. ದೇವರಾಣಿ ಹೇಳಿದ್ದೆ. ಕೊಡಕ್ಕ ಹೇಳಿದ್ದೆ."

ಕೊಡಕ್ಕೆ ಹೇಳುವುದು ಎಂದರೆ ಏನೆಂದು ನಮ್ಮ ಓಣಿಯಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಮಾತು ಬಿಟ್ಟವರು ಒಬ್ಬರಿಗೊಬ್ಬರು ನೇರ ಮಾತಾಡಬಾರದು, ಮೊದಲು ಮಾತಾಡಿದವರು ಸೋತಂತೆ. ಹೇಳಲೇಬೇಕಾದದ್ದು ಇದ್ದರೆ ಎದುರಿಗಿರುವ ಕೊಡಕ್ಕೋ ಗೋಡೆಗೋ ಕೋಳಿಗೋ ಗಟ್ಟಿಯಾಗಿ ಹೇಳುವುದು, ಕೇಳಬೇಕಾದವರು ಕೇಳಿಸಿಕೊಳ್ಳುವುದು. ಹೆಚ್ಚಾಗಿ ಹೀಗೆ ಹೋಗುತ್ತಿದ್ದದ್ದು ಬೈಗುಳ. ಅದಕ್ಕಾಗಿ ಕೇಳುವವರಿಗೂ ಒಂದು ರೂಢಿಯಿತ್ತು. ಎದುರಿನವಳು ಕೊಡದ ಕಡೆ ಬಗ್ಗಿ "ಕೇಳ್ಯಾ" ಎಂದ ಕೂಡಲೇ ಸೆರಗು ಕಿವಿಯ ಮೇಲೆ ಎಳೆದುಕೊಂಡು ಎದ್ದು ಹೋಗಿಬಿಡುವುದು.

ಅಂದು ಐದು ಗಂಟೆಗೆ ನೀರು ಬಿಟ್ಟಿದ್ದರು. ಉಳಿದವರು ಇನ್ನೂ ಬಾರದ ಹೊತ್ತಿನಲ್ಲಿ ಇವರಿಬ್ಬರೇ ನಳದ ಹತ್ತಿರ ಎದುರಾಗಿದ್ದರು. ಅಂಗಡಿಯವಳು ತನ್ನ ಹಿತ್ತಾಳೆ ಕೊಡದ ಮುಂದೆ ಬಗ್ಗಿ "ಕೇಳ್ಯಾ" ಎಂದಳು. ಕೊಡ್ಲಿಯವಳು ಸೆರಗು ಎಳೆದುಕೊಂಡು, ತುಂಬದ ಕೊಡವನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದಳು. ಸೇಡಂ, ಜೀಪು, ಅವ್ವ ಎಲ್ಲವನ್ನೂ ಇವಳು ಪೂರ್ತಿ ಹೇಳಿದ್ದಳು, ಕೇಳಿದ್ದು ಕೊಡ ಮಾತ್ರ. ಹಿಂದೆ ಹೋಗಿ ಬಾಗಿಲು ಬಡಿಯಲು ಅವಳ ಹಟ ಬಿಡಲಿಲ್ಲ. ಇನ್ನೊಬ್ಬರ ಕೈಲಿ ಹೇಳಿಸೋಣ ಎಂದು ನೋಡಿದರೆ, ಇಬ್ಬರ ನಡುವೆ ಮಾತು ಮುಟ್ಟಿಸುತ್ತಿದ್ದ ಅಜ್ಜಿ ಅಮಾವಾಸ್ಯೆಗೆಂದು ನಾಲವಾರದ ಮಠಕ್ಕೆ ಹೋಗಿದ್ದರು.

"ಮಾತು ಯಾವಾಗ ಬಿಟ್ಟಿದ್ದಿರಿ?" ಎಂದು ಕೇಳಿದೆ.

"ಯುಗಾದಿಯಿಂದ್ರಿ. ಐದು ತಿಂಗಳಾತು."

ಐದು ತಿಂಗಳು! ಆ ಐದು ತಿಂಗಳೂ ಎರಡು ಕೊಡಗಳು ಆತು ನಿಂತದ್ದನ್ನು ನಾನೇ ಕಿಟಕಿಯಿಂದ ಕಂಡಿದ್ದೆ. ಮರುದಿನ ನಾಲವಾರದಿಂದ ಬಂದ ಅಜ್ಜಿಯನ್ನು ಕೇಳಿದಾಗ ಅವರು ಕಣ್ಣೊರೆಸಿಕೊಂಡರು. "ಕೊಡ ಇಡ್ತಿದ್ದಾಕಿ ನಾನೇ ಅಲ್ಲೇನವಾ. ಇಬ್ರದೂ ನಾನೇ ಇಡ್ತಿದ್ದೆ. ಅವರು ಜಗಳಾಡ್ಯಾರಂತ ನಾ ಯಾಕ ಬ್ಯಾರೆ ಇಡ್ಲಿ?"

ಮನೆಗೆ ಬಂದು ವಹಿ ತೆಗೆದೆ. ನೀಲಿ ಗೆರೆ ಹಾಗೆಯೇ ದಪ್ಪಗೆ ಇತ್ತು. ಆ ಇಬ್ಬರ ನಡುವೆ ಏನೂ ಉಳಿದಿರಲಿಲ್ಲ, ಇದ್ದದ್ದು ಒಬ್ಬ ಮುದುಕಿಯ ಎರಡು ಕೈ. ಮಾವನವರಿದ್ದರೆ ಕೊಡ ಇಟ್ಟವರು ಯಾರು ಎಂದು ಮೊದಲ ದಿನವೇ ಕೇಳುತ್ತಿದ್ದರು. ನಾನು ಕೊಡ ನೋಡಿದೆ, ಕೈ ನೋಡಲಿಲ್ಲ.

ಕಾರ್ಯ ಮುಗಿಸಿಕೊಂಡು ಕೊಡ್ಲಿಯವಳು ಹದಿನೈದು ದಿನಕ್ಕೆ ಬಂದಳು. ನಾನೇ ಹೋಗಿ ಮಾತಾಡಿಸಿದೆ. ಅಂಗಡಿಯವಳ ತಪ್ಪನ್ನು ಮತ್ತೆ ಉದ್ದಕ್ಕೂ ಹೇಳಿದೆ. ಅವಳು ಎಲ್ಲ ಕೇಳಿ, ನೆಲ ನೋಡುತ್ತ ಒಂದೇ ಮಾತು ಕೇಳಿದಳು.

"ನೀವೇ ಯಾಕ ಬರಲಿಲ್ರಿ ವೈನಿ?"

ಒಲೆಯ ಮೇಲೆ ಅನ್ನ ಇತ್ತು ಎಂದೆ. ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿ ಎಂದೂ ಅನ್ನ ಇಟ್ಟದ್ದಿಲ್ಲ. ಅವಳು ತಲೆ ಅಲ್ಲಾಡಿಸಿದಳು. ಅಂದಿನ ನಂತರ ಓಣಿಯಲ್ಲಿ ಯಾರ ಕರೆ ಬಂದರೂ ನಾನೇ ಅವರ ಬಾಗಿಲಿಗೆ ಹೋದೆ. ವಹಿಯ ಆ ಹಾಳೆಯನ್ನು ಮತ್ತೆ ತೆರೆಯಲಿಲ್ಲ. ಕಾಲು ನೋವು ಹೆಚ್ಚಿತು, ಹೆಚ್ಚಲಿ ಎನಿಸುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಒಬ್ಬೊಬ್ಬರ ಕೈಗೂ ಮೊಬೈಲು ಬಂತು. ಮೂರನೆಯ ಮನೆಯವಳು ಮನೆ ಮೇಲಿನ ಗಚ್ಚಿನಲ್ಲಿ ನಿಂತು ಯಾರ ಜೊತೆ ಮಾತಾಡುತ್ತಾಳೋ ತಿಳಿಯುತ್ತಿರಲಿಲ್ಲ. ಮನೆಮನೆಗೆ ನಳ ಬಂದು ಪಾಳಿಯೂ ಹೋಯಿತು. ಅಜ್ಜಿ ಹೋದರು. ಕೊಡ್ಲಿಯವಳ ಗಂಡನಿಗೆ ಶಹಾಬಾದಿಗೆ ವರ್ಗವಾಗಿ ಅವರು ಮನೆ ಖಾಲಿ ಮಾಡಿದರು. ನಮ್ಮ ಫೋನು ದಿನಗಟ್ಟಲೆ ಸುಮ್ಮನೆ ಕೂರತೊಡಗಿತು. ಇಷ್ಟು ವರ್ಷ ಬೈದುಕೊಂಡೇ ಓಡಿದವಳಿಗೆ ಅದು ಬಾರಿಸದಿದ್ದರೆ ಒಳಗೆ ಏನೋ ಹಿಂಡುತ್ತಿತ್ತು, ಹೇಳಿದರೆ ಯಜಮಾನರು ನಗುತ್ತಿದ್ದರು. ಕೊನೆಗೆ ಅದನ್ನು ತೆಗೆಸಿಬಿಡೋಣ ಎಂದು ಅವರು ಅರ್ಜಿ ಬರೆದರು.

ಫೋನಿನ ಮೇಜು ಸರಿಸುವಾಗ ವಹಿ ಸಿಕ್ಕಿತು. ಮಾವನವರ ಪೆನ್ಸಿಲಿನ ಹಾಳೆ, ನನ್ನ ನೀಲಿ ಶಾಯಿಯ ಹಾಳೆ. ಬೇರೆ ಕೆಲಸವಿಲ್ಲದೆ ಚುಕ್ಕೆ ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಎರಡು ಹಾಳೆಯಲ್ಲೂ ಹತ್ತೇ. ಹನ್ನೊಂದು ಮನೆಗಳಲ್ಲಿ ನಮ್ಮ ಮನೆಗೆ ಮಾವನವರೂ ಚುಕ್ಕೆ ಇಟ್ಟಿರಲಿಲ್ಲ, ನಾನೂ ಇಟ್ಟಿರಲಿಲ್ಲ. ಕಿಟಕಿಯಿಂದ ನೋಡುವವರು ಓಣಿಯೊಳಗೆ ಸೇರುವುದಿಲ್ಲ ಎಂದು ನಾವಿಬ್ಬರೂ ತಿಳಿದಿದ್ದೆವು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಕೊಡ್ಲಿಯವಳ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಅವಳ ನಂಬರು ಎಲ್ಲಿ ಹುಡುಕುವುದೆಂದು ಅಂಗಡಿಯವಳ ಹತ್ತಿರ ಹೋದೆ. ಗೊತ್ತಿಲ್ಲ ಎನ್ನುತ್ತಾಳೆ ಎಂದುಕೊಂಡೇ ಹೋಗಿದ್ದೆ. ಅವಳು ಮೊಬೈಲು ತೆಗೆದು, "ಹಚ್ಚಿ ಕೊಡಲೇನ್ರಿ? ಮುಂಜಾನೇನೇ ಮಾತಾಡೀವಿ. ದಿನಾ ಮಾತಾಡ್ತೀವಲ್ಲ," ಎಂದಳು. ಎಂದಿನಿಂದ ಎಂದು ಕೇಳದೆ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದೆ.

ತೆಗೆಸಬೇಕಿದ್ದ ಫೋನಿನಿಂದಲೇ ಮಾಡಿದೆ. ಅವಳೇ ಎತ್ತಿದಳು. ನಾನು ವಾಡಿಯ ಫೋನ್ ಮನೆಯವಳು ಎಂದೆ. "ಅಯ್ಯ, ವೈನಿ! ಆರಾಮ ಇದ್ದೀರೇನ್ರಿ?" ಎಂದು ಹಿಗ್ಗಿದಳು. ಅವಳ ಹಿಗ್ಗು ಕೇಳಿದರೆ ನನಗೆ ಹೇಳಲಾಗುವುದಿಲ್ಲ ಎಂದು ಗೊತ್ತಾಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅವತ್ತು ಒಲಿ ಮ್ಯಾಲೆ ಅನ್ನ ಇರಲಿಲ್ಲವಾ. ನನಗ ದಣಿವಾಗಿತ್ತು. ಏಳು ಸಲ ಓಡಿದ್ದೆ, ಎಂಟನೇದಕ್ಕ ಏಳಲಿಕ್ಕೆ ಮನಸು ಬರಲಿಲ್ಲ. ಅದಕ್ಕ ಬರಲಿಲ್ಲ."

ಆ ಕಡೆ ಯಾವುದೋ ಗಾಡಿ ಹೋಗುವ ಸದ್ದು ಕೇಳುತ್ತಿತ್ತು.

"ಗೊತ್ತಿತ್ರಿ ವೈನಿ," ಎಂದಳು. "ದಿನಾ ನಿಮ್ಮ ಮಾರಿ ನೋಡತಿದ್ದೆನಲ್ಲ, ಎಷ್ಟು ದಣದಿರ್ತಿದ್ರಿ ನೀವು. ಅದಕ್ಕೇ ನಮ್ಮ ಮಂದಿಗೆ ಹೇಳಿಟ್ಟಿದ್ದೆ. ವೈನಿ ಮಧ್ಯಾಹ್ನ ಜರಾ ಅಡ್ಡಾಗ್ತಾರ, ಆ ಹೊತ್ತಿನ್ಯಾಗ ಫೋನ್ ಹಚ್ಚಬ್ಯಾಡ್ರಿ ಅಂತ."

ಆಮೇಲೆ ತನಗೇ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳಿದಳು.

"ಅವ್ವಗ ಅವತ್ತು ಹನ್ನೆರಡಕ್ಕೇ ಭಾಳ ಆಗಿತ್ತಂತ. ನಮ್ಮಣ್ಣ ಬೂತಿನ್ಯಾಗ ನಾಕು ಹೊಡೆಯೋ ತನಕ ಕಾಯ್ಕೋತ ಕುಂತಿದ್ದನಂತ್ರಿ."